ಹಾಜರಿ ಪುಸ್ತಕದ ಒಂದನೇ ನಂಬರು

ನಮ್ಮ ಸೋದರತ್ತೆ ಸ್ವಲ್ಪ ಮೊದಲೇ ಹುಟ್ಟಿದ್ದರೆ ಸಾವನದುರ್ಗದ ಬೆಟ್ಟ ಈಗಿನಂತೆ ಬೆನ್ನು ಬಗ್ಗಿಸಿಕೊಂಡು ಕೂತಿರುತ್ತಿರಲಿಲ್ಲ. “ನೆಟ್ಟಗೆ ಕೂತ್ಕೋ!” ಎಂದು ಗದರಿ, ಕೊಡೆಯ ತುದಿಯಿಂದ ತಿವಿದು ಸರಿಮಾಡಿಬಿಡುತ್ತಿದ್ದರು! ಸ್ವಲ್ಪ ಮೊದಲು ಎಂದರೆ ಎಷ್ಟು ಕೋಟಿ ವರ್ಷ ಎಂದು ನನ್ನನ್ನು ಕೇಳಬೇಡಿ. ಅತ್ತೆ ಬಸವೇಶ್ವರನಗರದ ಶಾಲೆಯೊಂದರಲ್ಲಿ ಭೂಗೋಳದ ಮಿಸ್ಸು. ಅಂಥ ಲೆಕ್ಕವೆಲ್ಲ ಅವರ ಇಲಾಖೆ.

ಇದು ಎಂಬತ್ತರ ದಶಕದ ಮಾತು. ನಾನು ಆಗಷ್ಟೇ ತತ್ತ್ವಶಾಸ್ತ್ರದ ಎಂ.ಎ. ಮುಗಿಸಿಕೊಂಡು ಬಂದಿದ್ದೆ. ಯಾವುದನ್ನೂ ನಂಬಬಾರದು ಎಂಬುದೊಂದನ್ನು ಮಾತ್ರ ಗಟ್ಟಿಯಾಗಿ ನಂಬಿದ್ದೆ. ಈಗ ಆ ಅನುಮಾನ ತಿರುಗಿ ನನ್ನ ನೆನಪಿಗೇ ಬಂದು ಅಂಟಿಕೊಂಡಿದೆ. ಹಾಗಾಗಿ ಇಲ್ಲಿ ಬರುವ ಮಾತುಗಳಲ್ಲಿ ಕೆಲವು ಅವರವರು ಆಡಿದ್ದಕ್ಕಿಂತ ಚೆನ್ನಾಗಿದ್ದರೆ ಕ್ಷಮಿಸಿ.

ಮಾವ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದು ರಿಟೈರಾದರು. ಮರುದಿನ ಬೆಳಿಗ್ಗೆ ವರಾಂಡದ ಬೆತ್ತದ ಕುರ್ಚಿಯಲ್ಲಿ ಕೂತರು. ಆಮೇಲೆ ಎದ್ದದ್ದು ಊಟಕ್ಕೆ, ಸ್ನಾನಕ್ಕೆ, ಮತ್ತು ಒಂದು ದಿನ ಎದೆನೋವಿಗೆ. ಡಾಕ್ಟರು ಮಾತ್ರೆ ಬರೆದುಕೊಟ್ಟು, “ದಿನಾ ನಡೀಬೇಕು. ಇಲ್ಲಾಂದ್ರೆ ಆ ಕುರ್ಚಿನೇ ನಿಮ್ಮನ್ನ ಹೊತ್ಕೊಂಡು ಹೋಗುತ್ತೆ ನೋಡಿ” ಎಂದರು. ಮಾವ ನಕ್ಕರು. ಅತ್ತೆ ನಗಲಿಲ್ಲ.

“ಬನ್ನಿ, ನಾಳೆಯಿಂದ ಇಬ್ರೂ ವಾಕಿಂಗ್ ಹೋಗೋಣ.”

“ಹೆಂಡ್ತಿ ಜೊತೆ ಬೀದಿ ಸುತ್ತಕ್ಕೆ ನಾನೇನು ಹೊಸ ಮದುವಣಿಗನೇನೆ? ನಾಲ್ಕು ಜನ ನೋಡಿದ್ರೆ ಏನಂದಾರು?”

ಅತ್ತೆ ಏನು ಮಾಡಿದರು ಗೊತ್ತೇ? ನೋಡುವ ಆ ನಾಲ್ಕು ಜನರನ್ನೇ ಜೊತೆಗೆ ಹೊರಡಿಸಿಬಿಟ್ಟರು! ಪಕ್ಕದ ರಸ್ತೆಯ ಕಿರಾಣಿ ಅಂಗಡಿ ಶೆಟ್ಟರು, ಹುಬ್ಬಳ್ಳಿ ಕಡೆಯಿಂದ ವರ್ಗವಾಗಿ ಬಂದಿದ್ದ ಆಫೀಸರು, ಇಬ್ಬರ ಹೆಂಡಂದಿರು. ನಾಲ್ಕು ಜನ ಎರಡು ತಿಂಗಳಲ್ಲಿ ಇಪ್ಪತ್ತಾದರು. ಇಷ್ಟೆಲ್ಲ ಒಬ್ಬ ಮನುಷ್ಯನನ್ನು ಕುರ್ಚಿಯಿಂದ ಎಬ್ಬಿಸುವುದಕ್ಕೆ ಎಂಬುದು ನಮಗೆಲ್ಲ ಗೊತ್ತಿತ್ತು. ಮಾವನಿಗೂ ಗೊತ್ತಿತ್ತೆಂದು ಕಾಣುತ್ತದೆ. ಆದರೆ ಇಪ್ಪತ್ತು ಜನ ಬಾಗಿಲಲ್ಲಿ ನಿಂತು “ಬನ್ನಿ ರಾಯರೇ” ಎಂದರೆ ಯಾರು ತಾನೇ ಕೂತಿರಬಲ್ಲರು?

ಪ್ರತಿ ಭಾನುವಾರ ಮಾಗಡಿ ರಸ್ತೆ ಹಿಡಿದು ಹೇರೋಹಳ್ಳಿಯವರೆಗೆ ನಡಿಗೆ. ಆಗ ಅದಿನ್ನೂ ನಿಜವಾದ ಹಳ್ಳಿ. ಎರಡೂ ಕಡೆ ರಾಗಿ ಹೊಲ. ಮುಂದೆ ಅತ್ತೆ: ಸೊಂಟಕ್ಕೆ ಸಿಕ್ಕಿಸಿದ ಸೆರಗು, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ, ಕೊರಳಲ್ಲಿ ಮಾಂಗಲ್ಯದ ಪಕ್ಕಕ್ಕೇ ಒಂದು ಸೀಟಿ. ಕಂಡ ಕಲ್ಲಿಗೆಲ್ಲ ಪಾಠ, ಪಾಠದ ಕೊನೆಗೆ ಪ್ರಶ್ನೆ. ಉತ್ತರ ಹೇಳದವರಿಗೆ ಚಕ್ಕುಲಿ ಇಲ್ಲ!

“ಶೆಟ್ರೇ, ಈ ಬಂಡೆ ಎಷ್ಟು ಹಳೇದು?”

“ಭಾಳ ಹಳೇದು ಮಿಸ್. ನಮ್ ತಾತನ ಕಾಲದಿಂದ್ಲೂ ಇಲ್ಲೇ ಇದೆ.”

ಶೆಟ್ಟರು ಆ ದಿನ ಬರೀ ನೀರು ಕುಡಿದರು.

ಎಲ್ಲಕ್ಕಿಂತ ದೊಡ್ಡದು ಹಾಜರಿ. ಹೊರಡುವಾಗ ಹಾಜರಿ, ನಿಂತಲ್ಲಿ ಹಾಜರಿ, ವಾಪಸು ಬಂದ ಮೇಲೂ ಹಾಜರಿ. ಅದಕ್ಕೆಂದೇ ಒಂದು ನೋಟ್‌ಬುಕ್ಕು. ಒಂದು ದಿನ ಅದನ್ನು ಹೊರುವ ಭಾಗ್ಯ ನನಗೆ ಬಂದಾಗ ಬಿಡಿಸಿ ನೋಡಿದೆ. ಎರಡನೇ ನಂಬರಿನಿಂದ ಎಲ್ಲರ ಹೆಸರೂ ಗುಂಡಗಿನ ಅಕ್ಷರದಲ್ಲಿದ್ದವು. ಒಂದನೇ ನಂಬರಿನ ಎದುರು ಬರೆದಿದ್ದುದು ‘ಇವರು’!

ಹೌದು, ಅತ್ತೆ ಗಂಡನ ಹೆಸರು ಹೇಳುವವರಲ್ಲ. ಬರೆಯುವವರೂ ಅಲ್ಲ. ಬ್ರೆಜಿಲ್ಲಿನ ನದಿಗಳ ಹೆಸರನ್ನೆಲ್ಲ ನಿದ್ದೆಗಣ್ಣಿನಲ್ಲಿ ಒಪ್ಪಿಸುವ ಬಾಯಿಗೆ, ಮೂವತ್ತು ವರ್ಷ ಜೊತೆಗೆ ಬಾಳಿದವರ ನಾಲ್ಕಕ್ಷರ ಬರುತ್ತಿರಲಿಲ್ಲ.

“ಇವರು?” ಎಂದು ಅತ್ತೆ ಕೂಗುವರು.

“ಹೂಂ” ಎಂದು ಮಾವ ಗೊಣಗುವರು.

ಟಿಕ್ ಬೀಳುವುದು.

ಆ ವರ್ಷದ ಕ್ರಿಸ್‌ಮಸ್ ರಜೆಗೆ ಅತ್ತೆ ಮೂರು ದಿನದ ಕಾರ್ಯಕ್ರಮ ಹಾಕಿದರು. ಮಾಗಡಿಯವರೆಗೆ ಬಸ್ಸು, ಅಲ್ಲಿಂದ ಮುಂದೆ ಕಾಡು, ಬೆಟ್ಟ, ಕೆರೆ ಎಲ್ಲ ಕಾಲ್ನಡಿಗೆ. ಮಲಗುವುದಕ್ಕೆ ಹಳ್ಳಿಯ ಶಾಲೆ. ಮೊದಲ ದಿನ ಸಾವನದುರ್ಗದ ಬುಡದ ದೇವಸ್ಥಾನದ ಮುಂದೆ ನಮ್ಮನ್ನು ಸಾಲಾಗಿ ನಿಲ್ಲಿಸಿ ವಿವರಣೆ ಶುರುಮಾಡಿದರು.

“ಇಲ್ಲಿರೋ ದೇವರು ಯಾರು ಅಂದ್ರೆ…” ಎಂದವರು ತಟ್ಟನೆ ನಿಂತರು. ಮುಖ ಕೆಂಪಾಯಿತು. ಕೊಡೆಯ ತುದಿ ನಿಧಾನವಾಗಿ ದೇವಸ್ಥಾನದಿಂದ ತಿರುಗಿ ಮಾವನ ಕಡೆ ಬಂತು. “ಅದೇ… ಇವರು!”

ದೇವರು ನರಸಿಂಹ. ಮಾವನ ಹೆಸರೂ ಅದೇ! ಆದರೆ ನಡಿಗೆಯ ಗುಂಪಿನವರಿಗೆ ಅವರು ಮೊದಲಿಂದಲೂ ಬರೀ ‘ರಾಯರು’. ವಿಷಯ ತಿಳಿಯದ ಹುಬ್ಬಳ್ಳಿ ಆಫೀಸರು ಮಾವನಿಗೇ ಕೈಮುಗಿದುಬಿಟ್ಟರು. ಮಾವ ಗಾಬರಿಯಾಗಿ ಶಾಲಿನಲ್ಲಿ ಮುಖ ಮುಚ್ಚಿಕೊಂಡರು.

ಮರುದಿನ ಬೆಳಿಗ್ಗೆ ಬೆಟ್ಟ ಹತ್ತಿದೆವು. ತುದಿಯವರೆಗಲ್ಲ, ಹಳೇ ಕೋಟೆಗೋಡೆಯವರೆಗೆ ಮಾತ್ರ. ಅರ್ಧ ದಾರಿಯಲ್ಲಿ ಮಂಜು ಇಳಿಯಿತು. ಮುಂದಿನವರ ಬೆನ್ನು ಕಾಣದಷ್ಟು ಮಂಜು. ಅತ್ತೆ ಸೀಟಿ ಊದಿ ಎಲ್ಲರನ್ನೂ ಒಂದು ಕಡೆ ಕೂರಿಸಿ ಪುಸ್ತಕ ಬಿಚ್ಚಿದರು.

“ಇವರು?”

ಉತ್ತರವಿಲ್ಲ.

“ಇವರು?”

ಯಾರೋ ಕಿಸಕ್ಕೆಂದರು. ಮಾವ ಇರಲಿಲ್ಲ.

ನಾನು “ಮಾವಾ!” ಎಂದು ಗಂಟಲು ಹರಿಯುವಂತೆ ಕೂಗಿದೆ. ಶೆಟ್ಟರು “ರಾಯರೇ!” ಎಂದರು. ಎಲ್ಲವನ್ನೂ ಗಾಳಿ ಇನ್ನೊಂದು ಕಡೆಗೆ ಹೊತ್ತುಕೊಂಡು ಹೋಯಿತು. ಅತ್ತೆ ಎದ್ದು ನಿಂತು “ರೀ!” ಎಂದು ಕೂಗಿದರು. “ರೀ” ಎಂದರೆ ಯಾವ ಗಂಡ ತಾನೇ ತಿರುಗುವುದಿಲ್ಲ? ಮಂಜಿನಲ್ಲಿ ಕೂತಲ್ಲಿಂದಲೇ ನಾಲ್ವರು ಗಂಡಂದಿರು “ಏನೇ?” ಎಂದರು. ಹುಬ್ಬಳ್ಳಿಯವರಂತೂ ಎದ್ದು ಓಡಿಯೇ ಬಂದರು.

“ಯಾಕ್ರೀ ಅಕ್ಕಾರ?”

“ನಿಮ್ಮನ್ನಲ್ಲ ರೀ!”

“ಮತ್ತ ರೀ ಅಂತೀರಲ್ರೀ?”

ಬೇರೆ ದಿನವಾಗಿದ್ದರೆ ನಕ್ಕು ಉರುಳುತ್ತಿದ್ದೆವು. ಅತ್ತೆ ನನ್ನ ತೋಳು ಹಿಡಿದುಕೊಂಡು, ನನಗೆ ಮಾತ್ರ ಕೇಳುವಂತೆ, “ಮಾತ್ರೆ ನನ್ನ ಚೀಲದಲ್ಲಿದೆ ಕಣೋ” ಎಂದರು. ಪುಸ್ತಕವನ್ನು ನನಗೆ ಕೊಟ್ಟು, ಇಳಿಜಾರಿನ ಕಡೆ ಹತ್ತು ಹೆಜ್ಜೆ ಇಳಿದು, ಎರಡೂ ಕೈಗಳನ್ನು ಬಾಯಿಗೆ ಹಿಡಿದರು.

“ನರಸಿಂಹಾ!”

“ಗೋವಿಂದಾ… ಗೋವಿಂದ!” ಎಂದು ಶೆಟ್ಟರು ಕೈಯೆತ್ತಿ ಮುಗಿದರು. ಕಷ್ಟಕಾಲದಲ್ಲಿ ಮಿಸ್ಸು ದೇವರನ್ನು ನೆನೆಯುತ್ತಿದ್ದಾರೆ ಎಂದುಕೊಂಡು ಉಳಿದವರೂ ದನಿಗೂಡಿಸಿದರು.

ಅತ್ತೆ ತಿರುಗಿ ನೋಡಿದರು. ಆ ಮುಖದಲ್ಲಿ ಟೀಚರು ಇರಲಿಲ್ಲ.

“ಶೆಟ್ರೇ, ದಯವಿಟ್ಟು ಸುಮ್ನಿರಿ. ನಾನು ದೇವರನ್ನ ಕರೀತಿಲ್ಲ.”

ಕೆಳಗಿನಿಂದ ಏನೂ ಇಲ್ಲ. ಅತ್ತೆ ಇನ್ನೂ ಎರಡು ಹೆಜ್ಜೆ ಇಳಿದರು.

“ನರಸಿಂಹಾ… ಎಲ್ಲಿದೀರಾ?”

ಹೆಸರಿಗೆ ಗೌರವ ಸೇರಿಸಲು ಮರೆತಿದ್ದರು, ಕ್ರಿಯಾಪದಕ್ಕೆ ಮರೆತಿರಲಿಲ್ಲ.

“ಓ! ಇಲ್ಲೇ ಇದೀನಿ ಕಣೇ!” ಎಂದಿತು ಮಂಜು.

ಬಸ್ಸಿನಷ್ಟು ದೊಡ್ಡ ಬಂಡೆಯ ಹಿಂದೆ ಮಾವ ಆರಾಮವಾಗಿ ಕೂತಿದ್ದರು. ಒಂದಕ್ಕೆಂದು ಮರೆಗೆ ಹೋದವರು ಮಂಜಿನಲ್ಲಿ ಬಂಡೆಯ ತಪ್ಪು ಕಡೆಯಿಂದ ಹೊರಬಂದಿದ್ದರಂತೆ. ದಾರಿ ತಿಳಿಯದೆ ಅಲ್ಲೇ ಕೂತರಂತೆ. ಅತ್ತೆ ಮೊದಲು ಅವರ ಬಾಯಿಗೆ ಮಾತ್ರೆ ಹಾಕಿದರು. ಆಮೇಲೆ ಬಾಯಿ ಬಿಟ್ಟರು.

“ಹೇಳದೆ ಕೇಳದೆ ಎಲ್ಲಿಗೂ ಹೋಗಬಾರದು ಅಂತ ಎಷ್ಟು ಸಲ ಹೇಳಿಲ್ಲ?”

“ಅದಕ್ಕೂ ಕೈಯೆತ್ತಿ ಪರ್ಮಿಶನ್ ಕೇಳಬೇಕೇನೆ?”

ಎಲ್ಲರಿಗೂ ಒಟ್ಟಿಗೇ ನಗು ಬಂತು. ಅತ್ತೆ ನಗಲಿಲ್ಲ. ಅಷ್ಟೂ ಜನರೆದುರು ಮಾವನ ಮೊಣಕೈ ಹಿಡಿದುಕೊಂಡರು. ಬೆಟ್ಟ ಇಳಿಯುವವರೆಗೂ ಬಿಡಲಿಲ್ಲ. ಮಾವನೂ ಬಿಡಿಸಿಕೊಳ್ಳಲಿಲ್ಲ.

ಆ ಸಂಜೆ ಮಾವ ಮತ್ತು ನಾನು ಇಬ್ಬರೇ ಕೂತಿದ್ದೆವು. ಶಾಲೆಯ ಜಗುಲಿಯ ಮೇಲೋ, ಕೆರೆಯ ಏರಿಯ ಮೇಲೋ, ಈಗ ಖಚಿತವಿಲ್ಲ. ಒಳಗೊಳಗೇ ಕೊರೆಯುತ್ತಿದ್ದುದನ್ನು ಕೇಳಿದೆ.

“ಮಾವ, ನಾವು ಅಷ್ಟೊಂದು ಕೂಗಿದ್ದು ಕೇಳಿಸ್ಲೇ ಇಲ್ವಾ?”

“ನಿಮ್ಮದು ಕೇಳಿಸ್ಲಿಲ್ಲ. ಅವಳದು ಕೇಳಿಸ್ತು.”

“ಎರಡನೇ ಸಲ ಕೂಗಿದಾಗಲಾ?”

ಮಾವ ಅತ್ತಿತ್ತ ನೋಡಿದರು. ಅತ್ತೆ ದೂರದಲ್ಲಿ ಯಾರಿಗೋ ಮೋಡದ ಪಾಠ ಮಾಡುತ್ತಿದ್ದರು.

“ಮೊದಲನೇ ಸಲಾನೇ ಕೇಳಿಸ್ತು ಕಣೋ.”

“ಮತ್ಯಾಕೆ ಸುಮ್ನೆ ಕೂತಿದ್ರಿ? ಅತ್ತೆ ಜೀವ ಹೋಗಿತ್ತಲ್ಲಾ!”

“ತಪ್ಪಾಯ್ತು, ಅವಳಿಗೆ ಹೇಳಬೇಡ” ಎಂದರು ಮಾವ. ಶಾಲಿನ ಅಂಚು ಎಳೆದುಕೊಂಡು ಹೇಳಿದರು: “ಇನ್ನೊಂದ್ಸಲ ಕರೀಲಿ ಅಂತ.”