ದೊರೆಯ ಕಪ್ಪು ಬಿಯರು ಹಳತಾದ ಬಗೆ

ದೊರೆಗಳು ಸ್ವದೇಶಕ್ಕೆ ಹಡಗು ಹತ್ತಿದರೆ ಗುಮಾಸ್ತರಿಗೆ ಆರಾಮ ಎಂದು ಜನ ತಿಳಿದಿದ್ದಾರೆ. ಶುದ್ಧ ಸುಳ್ಳು. ನೇತ್ರಾವತಿ ದಡದ ಹಂಚಿನ ಕಾರ್ಖಾನೆಯಲ್ಲಿ ನಾನು ರೈಟರನಾಗಿದ್ದಾಗ ಎದೆ ಧಸಕ್ಕೆನ್ನುವ ಪ್ರಸಂಗಗಳೆಲ್ಲ ನಡೆದದ್ದು ದೊರೆ ಇಲ್ಲದಾಗಲೇ. ಒಂದು ಮಾತ್ರ ಅವರು ವಾಪಸು ಬಂದ ಮೇಲೆ ನಡೆಯಿತು. ಅದನ್ನೇ ಈಗ ಹೇಳುತ್ತೇನೆ.

ಅಪ್ಪಣೆ

ಮಹಾಯುದ್ಧ ಶುರುವಾದ ವರ್ಷ ನಮ್ಮ ಇಂಗ್ಲಿಷ್ ದೊರೆ ಸೈನ್ಯ ಸೇರಲು ಹೊರಟರು. ಹೊರಡುವ ದಿನ ನನ್ನನ್ನೂ ಅವರ ಬಟ್ಲರನನ್ನೂ ಬಂಗಲೆಯ ಉಗ್ರಾಣಕ್ಕೆ ಕರೆದು, ಹುಲ್ಲಿನಲ್ಲಿ ಮಲಗಿಸಿದ್ದ ಒಂದು ಡಜನ್ ಬಾಟಲಿ ತೋರಿಸಿದರು. ಅವರ ಊರಿನಿಂದ ತರಿಸಿದ ಕಪ್ಪು ಬಿಯರು.

"ಇದು ವರ್ಷ ಕಳೆದಷ್ಟೂ ರುಚಿಯಾಗುತ್ತದೆ. ಬದುಕಿ ಬಂದರೆ ಕುಡಿಯುತ್ತೇನೆ. ಹಾಳಾಗಿದ್ದರೆ ನಿಮ್ಮಿಬ್ಬರಿಗೂ ಕೆಲಸವಿಲ್ಲ" ಎಂದರು.

ಬಟ್ಲರನಿಗೆ ಗೊತ್ತಿದ್ದ ಪಾನೀಯ ಕಳ್ಳು ಒಂದೇ. ದೊರೆಯ ಗಾಡಿ ಗೇಟು ದಾಟುವವರೆಗೂ ಬಾಯಿ ತೆರೆದೇ ನಿಂತಿದ್ದ.

"ರೈಟರೇ, ಬೆಳಿಗ್ಗೆ ಇಳಿಸಿದ ಕಳ್ಳು ಸಂಜೆಗೆ ಹುಳಿ ಆಗ್ತದೆ. ಇವರು ವರ್ಷಗಟ್ಟಲೆ ಇಟ್ಟು ಕುಡಿಯುವುದಾ? ಇಷ್ಟೂ ಗೊತ್ತಿಲ್ಲದವರು ಯುದ್ಧ ಹೇಗೆ ಗೆಲ್ತಾರೆ ಮಾರಾಯ್ರೆ?"

ಫಿರಂಗಿ

ಮರುವರ್ಷದ ಬೇಸಗೆ. ಶತ್ರುಗಳ ಹಡಗು ಈ ಕಡೆ ಬರುತ್ತದಂತೆ ಎಂದು ಬಂದರಿನಲ್ಲಿ ದಿನಕ್ಕೊಂದು ಸುದ್ದಿ. ಒಂದು ಮಧ್ಯಾಹ್ನ ಉಗ್ರಾಣದೊಳಗೆ ಢಮಾರ್ ಎಂದಿತು. ಶತ್ರುಗಳ ಫಿರಂಗಿಯೇ ಹಾರಿತೆಂದು ಆಳುಗಳು ಕೈಯಲ್ಲಿದ್ದ ಹಸಿ ಹಂಚನ್ನು ಹಿಡಿದುಕೊಂಡೇ ಹೊಳೆಯ ಕಡೆ ಓಡಿದರು. ನಾನು ಓಡಲಿಲ್ಲ, ಮೇಜಿನ ಅಡಿಯಲ್ಲಿದ್ದೆ.

ಕಾವಲುಗಾರನ ಕೂಗು ಕೇಳಿ ಹೊರಬಂದು ನೋಡಿದರೆ ಉಗ್ರಾಣದ ಬಾಗಿಲ ಸಂದಿಯಿಂದ ಕಪ್ಪಗೆ ಏನೋ ಹರಿದು ಬರುತ್ತಿತ್ತು. "ಅಯ್ಯೋ, ಒಳಗೆ ಯಾರೋ ಸತ್ತಿದ್ದಾರೆ, ರಕ್ತ!" ಎಂದು ಅವನು ಬೊಬ್ಬೆ ಹೊಡೆಯುತ್ತಿದ್ದ. ಆಮೇಲೆ ಹೇಗೋ ಧೈರ್ಯ ಮಾಡಿ ಬೆರಳು ಅದ್ದಿ ನೆಕ್ಕಿಯೂ ನೋಡಿದ.

ಒಂದು ಬಾಟಲಿ ಬಿಯರು ಬಿಸಿಲಿನ ಝಳಕ್ಕೆ ಸಿಡಿದಿತ್ತು. ಅದನ್ನು ಕಾವಲುಗಾರ ತೀರ್ಮಾನಿಸಿದ ರೀತಿ ಹೀಗೆ: "ಮನುಷ್ಯ ಅಲ್ಲ ರೈಟರೇ. ಮನುಷ್ಯ ಇಷ್ಟು ಕಹಿ ಇರ್ಲಿಕ್ಕಿಲ್ಲ."

ಅರಗು

ಕಹಿ ಎಂಬ ಮಾತು ಬಟ್ಲರನ ಕಿವಿಗೆ ಬಿದ್ದದ್ದೇ ಅವನ ಮುಖ ಬಿಳಿಚಿಕೊಂಡಿತು. ನಾನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಕೆಲವು ದಿನಗಳಲ್ಲಿ ಆಫೀಸಿನ ಅರಗು, ಲಕೋಟೆಗೆ ಮೊಹರು ಹಾಕುವ ಅದೇ ಕೆಂಪು ಅರಗು, ಕಾಣೆಯಾಗತೊಡಗಿತು. ಎಷ್ಟು ತರಿಸಿದರೂ ಸಾಲದು. ಜೊತೆಗೆ ಬಟ್ಲರ ಪ್ರತಿ ಶುಕ್ರವಾರ ಹಾಡುತ್ತಿದ್ದ. ಅವನ ಧ್ವನಿ ಹಾಡುವಂಥದ್ದಲ್ಲ.

ಯುದ್ಧ ಮುಗಿಯುವ ಹೊತ್ತಿಗೆ ಒಂದು ಶುಕ್ರವಾರ ಆ ಹಾಡಿನ ಜಾಡು ಹಿಡಿದು ಉಗ್ರಾಣಕ್ಕೆ ಹೋದೆ. ಉಳಿದ ಹನ್ನೊಂದು ಬಾಟಲಿಗಳೂ ಬಿರಡೆ ತೆಗೆದು ನಿಂತಿದ್ದವು. ಪಕ್ಕದಲ್ಲಿ ಒಂದು ಕೊಡ ಕಳ್ಳು, ಕರ್ರಗೆ ಸುಟ್ಟ ತಾಳೆಯ ಓಲೆಬೆಲ್ಲದ ಪಾಕ, ಗಟ್ಟಿ ಕಾಫಿಯ ಚೆಂಬು, ನನ್ನ ಅರಗು.

"ಇದೆಂತ ಮಾರಾಯ?"

"ದೊರೆಗಳ ಬಿಯರು. ಕಹಿಯಾಗಿ ಹಾಳಾಗಿತ್ತಲ್ಲ, ಅದನ್ನು ತೆಗೆದು ಹೊಸತು ತುಂಬಿಸಿದೆ. ಇದೂ ಹುಳಿಯಾಗಬಾರದಲ್ಲ? ವಾರಕ್ಕೊಮ್ಮೆ ಬದಲಿಸ್ತೇನೆ."

ಇಬ್ಬರ ಕೆಲಸವೂ ಹೋಯಿತು! ಯುದ್ಧಕಾಲದಲ್ಲಿ ಹಡಗಿನಲ್ಲಿ ಬಿಯರು ಬರುವುದುಂಟೇ, ತರಿಸಿ ಇಡಲು?

"ವಾರ ವಾರ ತೆಗೆದದ್ದನ್ನು ಎಂತ ಮಾಡ್ತೀ?" ಎಂದು ಕೇಳಿದೆ.

ಬಟ್ಲರನಿಗೆ ಬೇಸರವೇ ಆಯಿತು. "ದೊರೆಗಳ ವಸ್ತು ಚೆಲ್ಲಲಿಕ್ಕೆ ಆಗ್ತದಾ ರೈಟರೇ? ಅಷ್ಟು ನಿಯತ್ತು ನನಗೂ ಉಂಟು."

ರುಚಿ

ದೊರೆ ಬದುಕಿಯೇ ಬಂದರು. ಸಂತೋಷಪಡಬೇಕಾದ ನಾನು ಜ್ವರ ಹಿಡಿದು ಮಲಗಿದೆ. ಮಂಗಳವಾರ ಬಂಗಲೆಯಿಂದ ಕರೆ ಬಂತು. ಕಾಫಿ ಕಾರ್ಖಾನೆಯ ದೊರೆ, ಒಬ್ಬ ಡಾಕ್ಟರ ದೊರೆ, ಇಬ್ಬರೂ ಗ್ಲಾಸು ಹಿಡಿದು ಕೂತಿದ್ದರು. ನಮ್ಮ ದೊರೆ ಅರಗು ಒಡೆದು, ಸುರಿದು, ಮೂಸಿ, ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. ಮುಚ್ಚಿದ ಕಣ್ಣು ತೆರೆಯಲೇ ಇಲ್ಲ. ನಾನು ಮನಸ್ಸಿನಲ್ಲೇ ಚಾಪೆ ಸುತ್ತತೊಡಗಿದೆ.

"ಕಾಫಿಯ ಪರಿಮಳ! ಸುಟ್ಟ ಸಕ್ಕರೆಯ ರುಚಿ!" ಎಂದರು ದೊರೆ. ಕಣ್ಣಲ್ಲಿ ನೀರು. "ಹೊಸ ಬಿಯರಿನಲ್ಲಿ ಇದೆಲ್ಲ ಎಲ್ಲಿರುತ್ತದೆ? ಇದು ಕಾಲ ಮಾಡಿದ ಕೆಲಸ."

"ನಿಜ, ಕಾಫಿಯೇ" ಎಂದರು ಕಾಫಿ ಕಾರ್ಖಾನೆಯ ದೊರೆ, ತಿಳಿದವರ ಗತ್ತಿನಲ್ಲಿ. ಡಾಕ್ಟರರು ಗ್ಲಾಸು ಮುಂದೆ ಚಾಚಿದರು.

ನನಗೆ ಹೋದ ಜೀವ ಬಂದಿತ್ತು. ಅಷ್ಟರಲ್ಲಿ ದೊರೆ ಬಟ್ಲರನ ಕಡೆ ತಿರುಗಿ, "ಉಳಿದ ಬಾಟಲಿಗಳನ್ನು ಇನ್ನೂ ಹತ್ತು ವರ್ಷ ಜೋಪಾನವಾಗಿಡು" ಎಂದರು. ತನಗೆ ಸಲ್ಲಬೇಕಾದ ಹೊಗಳಿಕೆ ಕಾಲಕ್ಕೆ ಸಂದದ್ದರಿಂದ ಬಟ್ಲರನಿಗೆ ಮೊದಲೇ ಉರಿದಿತ್ತು. ನಾನು ಬೇಡ ಬೇಡ ಎಂದು ಕಣ್ಸನ್ನೆ ಮಾಡುತ್ತಿದ್ದ ಹಾಗೆಯೇ ಹೇಳಿಬಿಟ್ಟ:

"ಹತ್ತು ವರ್ಷ ಎಂತಕ್ಕೆ ದೊರೆಗಳೇ? ಬರುವ ಶುಕ್ರವಾರಕ್ಕೆ ಮಾಡಿ ಕೊಡ್ತೇನೆ."

ಮೂವರೂ ಗ್ಲಾಸಿನೊಳಗೆ ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ಕಳ್ಳು, ಬೆಲ್ಲ, ಕಾಫಿ ಎಂದು ಹೇಗೋ ತೊದಲಿದೆ. ದೊರೆಯ ಮುಖ ಅರಗಿನಷ್ಟೇ ಕೆಂಪಾಯಿತು. ಕೊನೆಗೆ ಅವರು ಗ್ಲಾಸು ಎತ್ತಿ, ತಳದವರೆಗೂ ಕುಡಿದು, ಮೀಸೆ ಒರೆಸಿಕೊಂಡರು.

ಅಷ್ಟು ವರ್ಷ ಕಾದ ಮನುಷ್ಯ ಆಗ ಕೇಳಿದ್ದು ಒಂದೇ ಮಾತು: "ಶುಕ್ರವಾರದವರೆಗೆ ಕಾಯಲೇಬೇಕಾ?"