ಕಿಸೆಯಲ್ಲಿದ್ದ ಎಡಗೈ

ನನ್ನ ಮೈದುನನಿಗೆ ಎಡಗೈ ಇದೆಯೆಂಬುದು ಖಾತ್ರಿಯಾದದ್ದು, ನಾನು ಮದುವೆಯಾಗಿ ಧಾರವಾಡದಿಂದ ನಾಗಪುರಕ್ಕೆ ಬಂದು ಎರಡು ವಾರವಾದ ಮೇಲೆ! ಅಲ್ಲಿಯವರೆಗೆ ಅದು ಸದಾ ಪ್ಯಾಂಟಿನ ಕಿಸೆಯಲ್ಲೇ. ಪಾಪ, ಏನೋ ಊನವಿದ್ದೀತು ಎಂದು ನಾನು ಕೇಳಿರಲಿಲ್ಲ. ಒಂದು ದಿನ ಎರಡೂ ಕೈಯಿಂದ ಸಂತ್ರಾ ಹಣ್ಣು ಸುಲಿಯುತ್ತಿದ್ದವನನ್ನು ಕಂಡು ಚೀರಿಬಿಟ್ಟೆ.

"ಏನಾತು ವೈನಿ?"

ಏನೆಂದು ಹೇಳಲಿ? "ಹಲ್ಲಿ" ಎಂದೆ.

ಆತ ರೈಲ್ವೆ ಕಚೇರಿಯ ಗುಮಾಸ್ತ. ಮನೆಗೆ ಬಂದನೆಂದರೆ ಹವ್ಯಾಸಿ ರೇಡಿಯೋದವ. ಸರ್ಕಾರದ ಲೈಸೆನ್ಸೂ ಇತ್ತು. ತಾನೇ ಕಟ್ಟಿದ ಯಂತ್ರದ ಮುಂದೆ ಕೂತು, ಎಂದೂ ಕಾಣದ ಊರಿನವರ ಜೊತೆ ಹರಟುತ್ತಿದ್ದ. ಅದಕ್ಕೆ ಬೇಕಾದ ವಾಲ್ವುಗಳನ್ನು, ಅಂದರೆ ಗಾಳಿ ತೆಗೆದ ಗಾಜಿನ ಬುಡ್ಡಿಗಳನ್ನು, ಮಹಾಯುದ್ಧ ಮುಗಿದ ಮೇಲೆ ಮಿಕ್ಕ ಸಾಮಾನು ಮಾರುವ ಕಬಾಡಿಯವನಿಂದ ಚೀಲಗಟ್ಟಲೆ ತರುತ್ತಿದ್ದ. ಒಂದೊಂದಕ್ಕೂ ನೂರಾರು ವೋಲ್ಟು ಕೊಟ್ಟು, ಮೀಟರಿನ ಮುಳ್ಳು ಅಲುಗಿದರೆ "ಇದು ಲೀಕ್ ಅದ" ಎಂದು ಬದಿಗಿಡುತ್ತಿದ್ದ.

ಲೀಕ್! ನಾನು ಓಡಿಹೋಗಿ ಕೆಳಗೊಂದು ಪಾತೇಲಿ ಇಟ್ಟೆ.

"ನೀರಲ್ಲ ವೈನಿ, ಕರೆಂಟು ಸೋರತದ."

"ಸೋರಿದ್ದು ಎಲ್ಲಿಗೆ ಹೋಗ್ತದ?"

"ದಾರಿ ಸಿಕ್ಕಲ್ಲಿಗೆ."

ಒಂದು ವಾರ ನಾನು ಮಣೆಯ ಮೇಲಿಂದ ಕಾಲು ಕೆಳಗಿಡಲಿಲ್ಲ!

ನನ್ನ ಗೋಳು ಕೇಳಿ ಪಕ್ಕದ ಮನೆಯ ಮಾವಶಿ ನಳದ ಮಿಸ್ತ್ರಿಯನ್ನೇ ಕಳಿಸಿದಳು. ಅವನು ಬುಡ್ಡಿಯನ್ನು ತಿರುಗಿಸಿ ಮುರುಗಿಸಿ, "ಬಾಬೂಜಿ, ಇಸ್ ಮೇ ಪಾನೀ ಕಹಾ ಹೈ?" ಎಂದ.

"ಪಾನೀ? ಹವಾ ಭೀ ನಹೀ ಹೈ!" ಎಂದು ಮೈದುನ ಹೆಮ್ಮೆಯಿಂದ ಹೇಳಿದ.

ನೀರೂ ಇಲ್ಲ, ಗಾಳಿಯೂ ಇಲ್ಲ, ಆದರೂ ಸೋರುತ್ತದೆ! ಮಿಸ್ತ್ರಿ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ.

ಕೈಯ ಗುಟ್ಟೂ ಆಗಲೇ ತಿಳಿದದ್ದು. "ಎರಡೂ ಕೈ ತಗಲಿದ್ರ ಕರೆಂಟು ಎದೀ ಹಾದು ಹೋಗ್ತದ ವೈನಿ. ಒಂದು ಕಿಸೇದಾಗ ಇದ್ರ ಜೀವ ಉಳೀತದ." ಸರಿ, ಆದರೆ ಪೇಟೆಯಲ್ಲಿ, ಗುಡಿಯಲ್ಲಿ, ಊಟದ ಪಂಕ್ತಿಯಲ್ಲಿ ಯಾವ ಕರೆಂಟು? ರೂಢಿಯಂತೆ! ಗಂಡಿಗೆ ಕೈ ಸರಿಯಿಲ್ಲವೆಂಬ ಸುದ್ದಿ ಹಬ್ಬಿ ಎರಡು ಸಂಬಂಧಗಳು ತಪ್ಪಿಹೋಗಿದ್ದವು.

ಮೂರನೆಯದು, ಹತ್ತಿರದ ಸಾವನೇರಿನಲ್ಲಿದ್ದ ನಮ್ಮ ಕಡೆಯ ಮಾಸ್ತರರೊಬ್ಬರ ಮಗಳು. "ಕೈ ಹೊರಗಿರಲಿ" ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಬೇಡಿಕೊಂಡೆ. ಹುಡುಗಿ ಚಹಾ ತಂದಳೋ ಇಲ್ಲವೋ, ಕೈ ಸರ್ರನೆ ಕಿಸೆ ಸೇರಿತು!

ಮಾಸ್ತರರು ಕನ್ನಡಕ ಸರಿಪಡಿಸಿಕೊಂಡರು. "ಎಡಗೈಗೆ ಏನಾಗ್ಯದ್ರಿ?"

"ಏನಿಲ್ರಿ. ಹೈ ವೋಲ್ಟೇಜ್ ಇದ್ದಲ್ಲೆ ಕೈ ಒಳಗಿರಬೇಕ್ರಿ."

"ಇಲ್ಲೆಲ್ಲಿ ಅದರೀ ವೋಲ್ಟೇಜು?"

ಮೈದುನ ಹುಡುಗಿಯ ಕಡೆ ನೋಡಿ ಕಿವಿಯವರೆಗೆ ಕೆಂಪಾದ. ಮಾಸ್ತರರಿಗೆ ತಿಳಿಯಲಿಲ್ಲ. ನನಗೆ ತಿಳಿದರೂ ಹೇಗೆ ಹೇಳಲಿ? ಕೊನೆಗೆ ಮೈದುನನೇ ಕೈ ಹೊರತೆಗೆದು, ಐದೂ ಬೆರಳು ತೋರಿಸಿ, ತನ್ನ ವಾಲ್ವು ಪರೀಕ್ಷೆಯ ಕಥೆಯನ್ನೆಲ್ಲ ಒದರಿದ. ಇದೂ ತಪ್ಪಿತು ಎಂದುಕೊಂಡೆ.

ಆಗ ಹುಡುಗಿ ಬಾಯಿ ತೆರೆದಳು. "ಅಷ್ಟು ಪ... ಪ..." ಎಂದು ನಿಂತಳು. ಅವಳಿಗೆ ಮಾತು ಉಗ್ಗುತ್ತಿತ್ತು. ಮಾಸ್ತರರು ತಲೆ ತಗ್ಗಿಸಿದರು. ಅವಳ ಸೋದರತ್ತೆ ಗಡಬಡಿಸಿ, "ಪರೀಕ್ಷಾ ಯಾಕಂತ..." ಎಂದು ನಡುವೆ ಬಾಯಿ ಹಾಕಿದಳು.

"ತಡೀರಿ, ಅವರು ಇನ್ನೂ ಮುಗಿಸಿಲ್ರಿ" ಎಂದ ಮೈದುನ. ದೂರದ ಊರಿನ ಕ್ಷೀಣ ದನಿ ಹಿಡಿಯುವವನಂತೆ ತಲೆ ಓರೆ ಮಾಡಿ ಕಾದ. ಅವಳು ಮತ್ತೆ ತಡವರಿಸಿದಳು. ಅವನು ಕಾದ. ಕೊನೆಗೆ ಅವಳೇ ಪೂರ್ತಿ ಕೇಳಿದಳು: ಅಷ್ಟು ಪರೀಕ್ಷೆ ಯಾಕೆ?

"ಆ ಕಡೆ ಒಬ್ಬಾಂವ ನಂಬಿ ಮಾತಾಡ್ತಿರ್ತಾನ್ರಿ. ನಡುವ ವಾಲ್ವ್ ಹೋತಂದ್ರ, ನಾನು ಎದ್ದುಹೋದೆ ಅಂತ ತಿಳಕೋತಾನ."

ಆಷಾಢಕ್ಕೆ ಮೊದಲೇ ಮದುವೆಯಾಯಿತು. ನಮ್ಮ ಹುಡುಗನನ್ನು ಯಾಕೆ ಒಪ್ಪಿದೆ ಎಂದು ಒಮ್ಮೆ ಅಕ್ಕಿ ಆರಿಸುತ್ತ ಅವಳನ್ನು ಕೇಳಿದೆ. ತನ್ನ ಮಾತು ಮುಗಿಯುವವರೆಗೆ ಅದುವರೆಗೆ ಯಾರೂ ಕಾದಿರಲಿಲ್ಲ ಎಂದಳು. ಅಷ್ಟು ಹೇಳಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ನಾನು ಮೊರವನ್ನು ಕೆಳಗಿಟ್ಟು ಕಾದೆ.