ಆರಾರು ತಿಂಗಳ ಪದವಿ

೧೯೯೧ರ ಜೂನ್ ತಿಂಗಳಲ್ಲಿ ರಾಯಬಾಗ ತಾಲೂಕಿನ ನಮ್ಮ ಕಾಲೇಜು ವಿಜ್ಞಾನವನ್ನೂ ಕಂಪ್ಯೂಟರನ್ನೂ ಒಂದುಗೂಡಿಸಿದ ಹೊಸ ಪದವಿಯನ್ನು ವಿಧ್ಯುಕ್ತವಾಗಿ ಆರಂಭಿಸಿತು. ಒಂದುಗೂಡಿಸುವ ಕಾರ್ಯ ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿದು, ಜಗಳ ಆರಂಭವಾಯಿತು.

ಬಂದದ್ದು ಒಂದೇ ಕಂಪ್ಯೂಟರ್. ಅದು ತಮಗೇ ಸೇರಬೇಕೆಂದು ಭೌತಶಾಸ್ತ್ರದವರೂ ಗಣಿತದವರೂ ಪಟ್ಟು ಹಿಡಿದರು. ಆಡಳಿತ ಮಂಡಳಿಯ ಅಧ್ಯಕ್ಷ ತಾತ್ಯಾಸಾಹೇಬರು ಅಲಖನೂರಿನಿಂದ ಕಬ್ಬೂರಿನವರೆಗೆ ಅಣ್ಣತಮ್ಮಂದಿರ ಹೊಲಮನೆ ಪಾಲು ಮಾಡಿಕೊಟ್ಟ ಅನುಭವಿಗಳು.

"ಕೂಡಿ ಇರಾಕ ಆಗಂಗಿಲ್ಲಂದ್ರ ಬ್ಯಾರಿ ಆಗ್ರಿ. ತಂಟಿ ಯಾಕ?" ಎಂದು ಅವರು ಅಲ್ಲೇ ತೀರ್ಪು ಕೊಟ್ಟರು.

ಪರದೆ ಭೌತಶಾಸ್ತ್ರಕ್ಕೆ, ಕೀಲಿಮಣೆ ಗಣಿತಕ್ಕೆ. ಎರಡನ್ನೂ ಕೂಡಿಸುವ ಡಬ್ಬಿ ಹಿರಿಯರ ಮರ್ಯಾದೆಯೆಂದು ತಾತ್ಯಾಸಾಹೇಬರ ಮನೆಗೆ ಹೋಯಿತು. ಬಾವಿಯ ನೀರಿನಂತೆ ಕರೆಂಟೂ ಪಾಳಿಯ ಮೇಲೆ: ಬೆಳಿಗ್ಗೆ ಅವರಿಗೆ, ಮಧ್ಯಾಹ್ನ ಇವರಿಗೆ. ಡಬ್ಬಿಯ ಮೇಲೆ ಈಗ ಟೀವಿ ಇಟ್ಟಿದ್ದಾರೆ. ಎತ್ತರ ಸರಿಯಾಗಿದೆ.

ಹೊಸ ಪದವಿಗೆ ಇಬ್ಬರು ಸೇರಿದರು. ಸುಗಂಧಾ ಗಣಿತದ ಪಾಲಿಗೆ ಬಂದಳು, ಜಯಪಾಲ ಭೌತಶಾಸ್ತ್ರದ ಪಾಲಿಗೆ. ಸುಗಂಧಾಳಿಗೆ ಈ ಪದವಿ ಬೇಕೇ ಬೇಕಿತ್ತು. ಕಲಿತು ನೌಕರಿ ಹಿಡಿದರೆ ಸರಿ, ಇಲ್ಲವಾದರೆ ಲಗ್ನ ಎಂದು ತಂದೆ ಹೇಳಿಬಿಟ್ಟಿದ್ದರು. ಹೀಗಾಗಿ ಮೂರು ವರ್ಷ ಅವಳು ಕೀಲಿಗಳನ್ನು ಒತ್ತಿದಳು. ಆಚೆಯ ಕೋಣೆಯಲ್ಲಿ ಜಯಪಾಲ ಪರದೆಯನ್ನು ನೋಡಿದ.

ಪ್ರಾಯೋಗಿಕ ಪರೀಕ್ಷೆಯ ದಿನ ಅವಳು ಪರೀಕ್ಷಕರನ್ನು ಕೇಳಿದಳು. "ಸರ್, ನಾ ಒತ್ತಿದ್ದು ಎಲ್ಲಿ ಮೂಡತೈತ್ರಿ?"

ಪರೀಕ್ಷಕರು ತಾತ್ಯಾಸಾಹೇಬರ ಮನೆಯಲ್ಲಿ ಆಗಷ್ಟೇ ಹೋಳಿಗೆ ಊಟ ಮುಗಿಸಿ ಬಂದಿದ್ದರು. "ಅದು ನಿನ್ನ ಪಾಲಿನ್ಯಾಗ ಬರೂದಿಲ್ಲ ತಂಗಿ" ಎಂದು ಪ್ರೀತಿಯಿಂದಲೇ ಹೇಳಿದರು.

ಇಬ್ಬರೂ ಪಾಸಾದರು. ಆದರೆ ಒಬ್ಬೊಬ್ಬರು ಕಲಿತದ್ದು ಅರ್ಧರ್ಧ. ಆದ್ದರಿಂದ ಇಬ್ಬರಿಗೂ ಸೇರಿ ಒಂದೇ ಸರ್ಟಿಫಿಕೇಟ್ ಕೊಡಲಾಯಿತು. ಜುಲೈಯಿಂದ ಡಿಸೆಂಬರ್‌ವರೆಗೆ ಜಯಪಾಲ ಪದವೀಧರ, ಜನವರಿಯಿಂದ ಜೂನ್‌ವರೆಗೆ ಸುಗಂಧಾ.

ಸೆಪ್ಟೆಂಬರಿನಲ್ಲಿ ಒಂದು ಸಕ್ಕರೆ ಕಾರ್ಖಾನೆಯವರು ಕಂಪ್ಯೂಟರಿನಲ್ಲಿ ಕಬ್ಬಿನ ತೂಕ ಒತ್ತುವ ಕೆಲಸಕ್ಕೆ ಸಂದರ್ಶನ ಕರೆದರು. ಸುಗಂಧಾ ಎಲ್ಲರಿಗಿಂತ ಮೊದಲು ಹೋಗಿ ಕೂತಳು.

"ನೀ ಈಗ ಪದವೀಧರ ಅಲ್ಲಲ್ಲವ್ವಾ?" ಎಂದರು ಅಲ್ಲಿನ ಸಾಹೇಬರು.

"ಜನವರಿಗಿ ನನ್ನ ಪಾಳಿ ಬರತೈತ್ರಿ."

"ಪಾಳಿ ಸರ್ಟಿಫಿಕೇಟಿಗೆ ಐತಿ. ನೌಕರಿಗೆ ಇಲ್ಲ."

ಒಮ್ಮೆಯೂ ಕೀಲಿ ಒತ್ತದ ಜಯಪಾಲನಿಗೆ ಕೆಲಸವಾಯಿತು. ನಮ್ಮ ಕಾಲೇಜಿನ ಕಟ್ಟೆಯ ಮೇಲೆ ಕೂತು ಸುಗಂಧಾ ಅತ್ತಳು. ಗುಮಾಸ್ತನಾದ ನನಗೆ ಬಹಳ ಕೆಟ್ಟದೆನಿಸಿತು, ಆದರೆ ಕಚೇರಿಯ ವೇಳೆ ಮುಗಿದಿತ್ತು.

ಅವಳ ಲಗ್ನವನ್ನು ಮೇ ತಿಂಗಳಿಗೆ ಇಟ್ಟುಕೊಂಡರು. ಗಂಡಿನವರಿಗೆ ಪದವೀಧರ ಸೊಸೆಯೇ ಬೇಕಿತ್ತು. ಮೇ ತಿಂಗಳು ಅವಳ ಪಾಳಿಯಲ್ಲೇ ಬರುವುದರಿಂದ ಲಗ್ನಪತ್ರಿಕೆಯಲ್ಲಿ 'ಸುಗಂಧಾ, ಬಿ.ಎಸ್ಸಿ.' ಎಂದು ಹಾಕಲು ನಿಯಮದ ಅಡ್ಡಿಯಿರಲಿಲ್ಲ. ತಾತ್ಯಾಸಾಹೇಬರೇ ಮುಂದೆ ನಿಂತು ಅಕ್ಷತೆ ಹಾಕಿದರು.

ಜುಲೈ ಒಂದರಂದು ಜಯಪಾಲ ಅವಳ ಅತ್ತೆಮನೆಗೆ ಹೋಗಿ ಸರ್ಟಿಫಿಕೇಟ್ ಕೇಳಿದ. ಅವಳು ಕುಂಕುಮದ ಕೈ ಒರೆಸಿಕೊಂಡು ತಂದುಕೊಟ್ಟಳು. ಚಹಾ ಕುಡಿಯುತ್ತ ಅವನು, ಹೆಸರು ಒತ್ತಬೇಕಾದರೆ ಮೊದಲು ಯಾವ ಕೀಲಿ ಎಂದು ಕೇಳಿದ. ಸುಗಂಧಾ ಹೇಳಿಕೊಟ್ಟಳು.

ನಮ್ಮ ಪದವಿಯ ಬಗ್ಗೆ ಈವರೆಗೆ ಒಂದೂ ತಕರಾರು ಬಂದಿಲ್ಲ.